ಮೊಬೈಲಿಗೆ ಚೌಕಾಸಿ ಬರುವುದಿಲ್ಲ

ಒಂದೇ ಮಾತಿನಲ್ಲಿ ಬೆಲೆ ಹೇಳಿ ಬಾಯಿ ಮುಚ್ಚಿಕೊಂಡು ಕೂರುವ ವಿದ್ಯೆ ನನಗೆ ಒಲಿದಿಲ್ಲ. ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟವನಿಗೆ ಅದು ಬೇಕಾಗಿಯೂ ಇರಲಿಲ್ಲ. ನಾನೊಂದು ಬೆಲೆ ಹೇಳಬೇಕು, ಗಿರಾಕಿ ಎದೆಯ ಮೇಲೆ ಕೈ ಇಟ್ಟು ‘ಅಯ್ಯ ಶಿವನ!’ ಎನ್ನಬೇಕು, ಅವರು ಅರ್ಧಕ್ಕೆ ಕೇಳಬೇಕು, ನಾನು ನೊಂದುಕೊಳ್ಳಬೇಕು, ಅವರು ಎದ್ದು ಹೊರಡಬೇಕು, ನಾನು ಕೂಗಿ ಕರೆಯಬೇಕು. ಇಷ್ಟೆಲ್ಲ ಆದ ಮೇಲೆ ಇಬ್ಬರಿಗೂ ಮೊದಲೇ ಗೊತ್ತಿದ್ದ ಬೆಲೆಗೆ ಸೀರೆ ಹೋಗುತ್ತದೆ. ಈ ನಡುವೆ ಅವರ ಮಗಳ ಬಾಣಂತನ, ನಮ್ಮ ಮನೆಯವಳ ಮಂಡಿನೋವು, ಹುನಗುಂದದ ಕಡೆಯ ಮಳೆ ಎಲ್ಲವನ್ನೂ ವಿಚಾರಿಸಿಕೊಂಡಿರುತ್ತೇವೆ. ಹೊರಗಿನವರು ನೋಡಿದರೆ ಜಗಳ ಅಂದುಕೊಂಡಾರು. ನಮಗೆ ಅದೇ ಯೋಗಕ್ಷೇಮ.

ಹಾಗಂತ ನಾನೇನು ಇಂಟರ್‌ನೆಟ್ ಕಾಣದ ಗಮಾರನಲ್ಲ. ಅದು ಊರಿಗೆ ಬಂದ ಹೊಸದರಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಸೈಬರ್ ಕೆಫೆ ಇಟ್ಟಿದ್ದವನೊಬ್ಬ, “ಸಾವಕಾರ್ರ, ನಿಮ್ಮ ಅಂಗಡಿ ಅಮೆರಿಕಾದಾಗ ಕಾಣಂಗ ಮಾಡ್ತೇನಿ” ಎಂದು ಹುರಿದುಂಬಿಸಿ ವೆಬ್‌ಸೈಟ್ ಮಾಡಿಕೊಟ್ಟ. ನಡುವೆ ಅಂಗಡಿಯ ಫೋಟೋ, ಸುತ್ತ ಮಿನುಗುವ ಹೂವು, ಮೇಲೆ ಓಡಾಡುವ ‘ಸುಸ್ವಾಗತ’, ಕೆಳಗೆ ಎಷ್ಟು ಜನ ಬಂದು ನೋಡಿದರೆಂಬ ಅಂಕಿ. ಆ ಅಂಕಿ ದಿನವೂ ಏರುತ್ತಿತ್ತು, ಜೊತೆಗೆ ನನ್ನ ಮೀಸೆಯೂ. ದಿನವೂ ಕೆಫೆಗೆ ಹೋಗಿ ತೆರೆದು ನೋಡುತ್ತಿದ್ದವನು ನಾನೊಬ್ಬನೇ ಎಂದು ತಿಳಿಯಲು ಬಹಳ ದಿನ ಹಿಡಿಯಿತು. ಆಮೇಲೆ ಇಮೇಲ್ ಬಂತು. ಮೊದಲ ಪತ್ರ ಬರೆದವನು ಯಾವುದೋ ಪರದೇಶದ ರಾಜಕುಮಾರ. ತನ್ನ ಆಸ್ತಿಯನ್ನೆಲ್ಲ ನನ್ನ ಕೈಗೆ ಒಪ್ಪಿಸುವ ಅವಸರದಲ್ಲಿದ್ದ. ನಾನು ನಮ್ಮ ರೇಷ್ಮೆ ಸೀರೆಗಳ ಬೆಲೆ ಬರೆದು, ರಾಣಿಯವರಿಗೆ ಚೆನ್ನಾಗಿ ಒಪ್ಪುತ್ತವೆ ಎಂದು ಉತ್ತರಿಸಿದೆ. ಅವನು ಮತ್ತೆ ಬರೆಯಲಿಲ್ಲ. ವಾಟ್ಸಾಪ್ ಬಂದ ಮೇಲೆ ಬೆಳಗಿನ ಶುಭೋದಯದ ಜೊತೆ ಸೀರೆಯ ಫೋಟೋ ಕಳಿಸಿದೆ. ಬಂಧುಬಳಗದವರು ಶುಭೋದಯವನ್ನಷ್ಟೇ ತಿರುಗಿ ಕಳಿಸಿದರು.

ಇತ್ತ ಗಿರಾಕಿಗಳು ಮನೆಯಲ್ಲೇ ಕೂತು ಮೊಬೈಲಿನಲ್ಲಿ ಸೀರೆ ಕೊಳ್ಳತೊಡಗಿದರು. ಮೊಬೈಲ್ ರಿಪೇರಿಯವನೊಬ್ಬ ಬಂದು ನಮ್ಮ ಅಂಗಡಿಯ ಮುಂದಿನ ಅರ್ಧವನ್ನು ಬಾಡಿಗೆಗೆ ಕೇಳಿದ. ಅಪ್ಪ ಹಾಸಿದ ಗಾದಿ ಇರುವುದು ಆ ಅರ್ಧದಲ್ಲಿ. ಅದರ ಮೇಲೆ ಕೂತು ಸೀರೆ ಬಿಚ್ಚಿ ತೋರಿಸದಿದ್ದರೆ ನಾನು ಏನು ಮಾಡಬೇಕು? ಹೆಂಡತಿ ಶಶಿಕಲಾ ಧೈರ್ಯದ ಹೆಂಗಸು. “ದೀಪಾವಳಿ ತನಕಾ ಮೊಬೈಲಿನ್ಯಾಗ ಲೈವ್ ಮಾಡಿ ಸೀರಿ ಮಾರಿ ನೋಡೂಣ್ರಿ. ಆಗಲಿಲ್ಲಂದ್ರ ಅಂವಗ ಕೊಟ್ಟಬಿಡೂಣು” ಎಂದಳು.

ಮೊಬೈಲನ್ನು ಸೀರೆಯ ಗಂಟಿಗೆ ಆನಿಸಿ ನಿಲ್ಲಿಸಿದಳು. ನಾನು ನಮ್ಮೂರ ಸೀರೆಯ ಗುರುತಾದ ಕೆಂಪು ಬಿಳುಪಿನ ಟೋಪ ಸೆರಗನ್ನು ಗಾದಿಯ ತುಂಬ ಹರಡಿ ಬೆಲೆ ಹೇಳಿದೆ. ಹೇಳಿ, ಅಭ್ಯಾಸಬಲದಿಂದ ಕಾದೆ. ಮೊಬೈಲು ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ನೋಡುತ್ತಿದ್ದವರು ಬಾಗಲಕೋಟೆಯ ನಾದಿನಿ ಮತ್ತು ಅವಳ ಗಂಡ ಇಬ್ಬರೇ. ನೆಟ್‌ವರ್ಕ್ ಹೋಗಿ ವಿಡಿಯೋ ನಿಂತಿದೆ ಎಂದು ಷಡ್ಡಕ ಬರೆದ.

“ಏನರ ಮಾತಾಡ್ರಿ!” ಎಂದಳು ಶಶಿಕಲಾ.

“ಅವ್ರು ಏನೂ ಕೇಳವಲ್ರಲ್ಲ?”

“ಅವ್ರು ಕೇಳಂಗಿಲ್ರಿ. ಫಿಕ್ಸ್ ರೇಟ್ ಅಂತ ಹೇಳಿ ಮುಂದಿನ ಸೀರಿ ತಗೀರಿ.”

ಹೀಗೆ ಹಲವು ದಿನ ಗೋಡೆಯ ಮುಂದೆ ಮಾತಾಡಿದಂತೆ ಮಾತಾಡಿದೆ. ಒಂದು ಮಧ್ಯಾಹ್ನ ಮತ್ತೆ ‘ಫಿಕ್ಸ್ ರೇಟ್’ ಎನ್ನುತ್ತಿರುವಾಗ ಮರೋಳದ ಗಂಗವ್ವತ್ತಿ ಒಳಗೆ ಬಂದಳು. ಅಪ್ಪನ ಕಾಲದ ಗಿರಾಕಿ. ಕೊಳ್ಳುತ್ತ ಕೊಳ್ಳುತ್ತ ಅತ್ತೆಯಾದವಳು. ಮೊಬೈಲು ಅವಳ ಕಣ್ಣಿಗೆ ಬೀಳಲಿಲ್ಲ. ನಾನು ತನಗೇ ಹೇಳಿದೆ ಎಂದುಕೊಂಡು ಬಾಗಿಲಲ್ಲೇ ನಿಂತಳು.

“ಫಿಕ್ಸ್ ರೇಟ? ಯಾರಿಗೋ ತಮ್ಮಾ? ನನಗ?”

“ನಿನಗಲ್ಲತ್ತಿ, ಇದು ಮೊಬೈಲ್ ಮಂದಿಗೆ...”

“ನಿಮ್ಮಪ್ಪ ಒಂದ ದಿನಾನೂ ನನಗ ಹಂಗ ಅಂದಾಂವಲ್ಲ. ತಾ ಇಲ್ಲೆ. ಏನಿದು, ದಡಿ ಇಷ್ಟ ಸಣ್ಣದೈತಿ?”

“ಸಣ್ಣದೆಲ್ಲೈತಿ? ಕೈಮಗ್ಗದ್ದು, ಕೈ ಹಚ್ಚಿ ನೋಡು.”

“ಹಚ್ಚೇನಿ. ಬಣ್ಣ ಕೈಗೆ ಹತ್ತೈತಿ ನೋಡಿಲ್ಲೆ.”

“ಅದು ನೀ ತಿಂದ ಎಲಿ-ಅಡಕಿ ಬಣ್ಣ!”

ಆಹಾ, ಜೀವ ಬಂತು. ಅವಳು ಗಾದಿಯ ಅಂಚಿಗೆ ಕೂತು ಅರ್ಧಕ್ಕೆ ಕೇಳಿದಳು. ಮನಸ್ಸು ತುಂಬಿ ನೊಂದುಕೊಂಡೆ. ಲೈವ್ ನಿಲ್ಲಿಸಲು ಕೈ ಚಾಚಿದ ಶಶಿಕಲಾ ಪರದೆ ನೋಡಿ ಹಾಗೇ ಕೂತಳು. ಗುರುತಿಲ್ಲದವರೆಲ್ಲ ಬಂದು ಸೇರುತ್ತಿದ್ದರು. ಬಾದಾಮಿಯ ಹೆಂಗಸೊಬ್ಬಳು ‘ಅಮ್ಮಾ, ಬಿಡಬ್ಯಾಡ, ಇನ್ನಷ್ಟ ಇಳಸು’ ಎಂದು ಬರೆದಳು. ಇನ್ನೊಬ್ಬರು ನನ್ನ ಪರ ವಾದಕ್ಕಿಳಿದರು. ಗಂಗವ್ವತ್ತಿ ಎದ್ದು ಹೊರಟಾಗ ‘ಅಣ್ಣಾರ, ಕರೀರಿ ಆಕೀನ’ ಎಂದು ಮಂದಿ ಒಂದೇ ಸಮನೆ ಬರೆಯತೊಡಗಿದರು. ಕರೆದೆ. ಬೆಲೆ ಕುದುರಿದ್ದೇ ತಡ, ಅದೇ ಬೆಲೆಗೆ ತಮಗೂ ಬೇಕೆಂದು ಎಲ್ಲರೂ ಮುಗಿಬಿದ್ದರು. ಲಾಭ ತೆಳುವೇ; ಆದರೆ ಕಪಾಟು ಖಾಲಿಯಾಯಿತು. ಮುಂದಿನ ಲೈವ್ ಯಾವಾಗ, ಅಮ್ಮ ಬರುತ್ತಾರೋ ಇಲ್ಲವೋ ಎಂಬ ವಿಚಾರಣೆ ಬೇರೆ. ಶಶಿಕಲಾ ಆಗಲೇ ರಿಪೇರಿಯವನಿಗೆ ಫೋನ್ ಮಾಡಿ, “ಜಾಗಾ ಕೊಡಂಗಿಲ್ರಿ” ಎಂದಳು. ನಾನು ಗಾದಿಯ ಮೇಲೆ ಕೈಯಾಡಿಸಿದೆ. ಕಣ್ಣು ತುಂಬಿ ಬಂದವು.

ಗಂಗವ್ವತ್ತಿ ಕೈಯಲ್ಲಿ ಹಿಡಿದಿದ್ದ ಸೀರೆಯನ್ನು ಶಶಿಕಲಾ ಮಡಚಿ, ಕುಂಕುಮ ಹಚ್ಚಿ, “ಇದಕ್ಕ ರೊಕ್ಕ ಬ್ಯಾಡ್ರಿ ಅತ್ತಿ, ನಿಮ್ಮಿಂದ ನಮ್ಮ ಅಂಗಡಿ ಉಳೀತು” ಎಂದು ಕೊಟ್ಟಳು. ಮುದುಕಿಯ ಮುಖ ಬಾಡಿತು.

“ಪುಕ್ಕಟ? ನಾ ಏನ ಬೇಡಾಕ ಬಂದೇನೇನು? ಮಂದೀ ರೇಟ ಮುಗೀತಲ್ಲ. ಈಗ ನನ್ನ ರೇಟ ಹೇಳೋ ತಮ್ಮಾ.”

ಕೈಮುಗಿದು ‘ನಿನ್ನದೇ ಸೀರೆ, ತೊಗೊಂಡು ಹೋಗು’ ಎನ್ನಬೇಕೆಂದೇ ಬಾಯಿ ತೆರೆದೆ. ಬಾಯಿ ನನ್ನನ್ನು ಕೇಳದೆ, ಲೈವಿನಲ್ಲಿ ಕುದುರಿದ್ದಕ್ಕಿಂತ ಹೆಚ್ಚಿನ ಬೆಲೆ ಹೇಳಿಬಿಟ್ಟಿತು. ಶಶಿಕಲಾ ಹಣೆ ಹಣೆ ಬಡಿದುಕೊಂಡಳು. ಗಂಗವ್ವತ್ತಿಯ ಮುಖ ಮಾತ್ರ ಅರಳಿತು. ಎದೆಯ ಮೇಲೆ ಕೈ ಇಟ್ಟು “ಅಯ್ಯ ಶಿವನ!” ಎಂದು ಗಾದಿಯ ಮೇಲೆ ಆರಾಮವಾಗಿ ಕೂತಳು.

ಈಗ ಲೈವಿಗೆಂದು ಅವಳು ಆಗಾಗ ಬರುತ್ತಾಳೆ. ಬೇರೆ ಸೀರೆಗಳೆಲ್ಲ ಮಾರಿಹೋಗುತ್ತವೆ. ಲೈವ್ ಮುಗಿದ ಮೇಲೆ ಕುಂಕುಮ ಹಚ್ಚಿದ ಆ ಒಂದು ಸೀರೆಯನ್ನು ನಡುವೆ ಹರಡಿಕೊಂಡು ಕೂರುತ್ತೇವೆ. ಬೆಲೆ ಇನ್ನೂ ಕುದುರಿಲ್ಲ. ಇದನ್ನೂ ತೋರಿಸೋಣವೆಂದು ಶಶಿಕಲಾ ಮೊಬೈಲು ತಂದರೆ ಇಬ್ಬರೂ ಬಾಯಿ ಮುಚ್ಚಿಕೊಳ್ಳುತ್ತೇವೆ. ವ್ಯಾಪಾರ ಬೇರೆ, ಮನೆಯ ಮಾತು ಬೇರೆ.