ಅತಿಥಿ ಶೌಚಾಲಯದ ಬೀಗ: ಒಂದು ಅನ್ವೇಷಣಾ ಪಾಠ

ಭಾವೀ ಶಿಕ್ಷಕರೆಲ್ಲರೂ ಇನ್ನು ಮುಂದೆ ಇತಿಹಾಸ ಮತ್ತು ಪೌರನೀತಿಯನ್ನು ಅನ್ವೇಷಣಾ ಪದ್ಧತಿಯಲ್ಲಿಯೇ ಬೋಧಿಸತಕ್ಕದ್ದು, ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳತಕ್ಕದ್ದು, ಕೇಳದಿದ್ದಲ್ಲಿ ಶಿಕ್ಷಕರೇ ಹೊಣೆ ಎಂಬ ಆದೇಶವು ತರಬೇತಿ ಕಾಲೇಜಿಗೆ ಬಂದ ದಿನವೇ ಜಾರಿಗೆ ಬಂತು.

ಇತಿಹಾಸದ ಮೇಷ್ಟ್ರು ಆದೇಶವನ್ನು ಕಣ್ಣಿಗೊತ್ತಿಕೊಂಡರು. ಅವರ ಸೇವೆಯೆಲ್ಲ ನೋಟ್ಸ್ ಬರೆಸುವುದರಲ್ಲೇ ಸವೆದಿತ್ತು. ಈಗ ತಡಮಾಡದೆ ‘ನೋಟ್ಸ್ ಬರೆಸುವುದರ ದುಷ್ಪರಿಣಾಮಗಳು’ ಎಂಬ ವಿಷಯದ ಮೇಲೆ ವಾರಗಟ್ಟಲೆ ನೋಟ್ಸ್ ಬರೆಸಿದರು. ‘ಸ್ವತಂತ್ರ ಚಿಂತನೆಯ ಮಹತ್ವವನ್ನು ನೋಟ್ಸಿನಲ್ಲಿದ್ದಂತೆಯೇ ಬರೆಯಿರಿ’ ಎಂದು ಪರೀಕ್ಷೆಯನ್ನೂ ಇಟ್ಟರು. ಸ್ವಂತ ವಾಕ್ಯ ಸೇರಿಸಿದವರಿಗೆ ಅಂಕ ಕಡಿತವಾಯಿತು. ನ್ಯಾಯವೇ ಬಿಡಿ, ಯಾರೂ ತಕರಾರು ಮಾಡಲಿಲ್ಲ.

ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳಾದ್ದರಿಂದ ದೊಡ್ಡಕ್ಕ ಎನಿಸಿಕೊಂಡಿದ್ದವಳಿಗೆ ಆ ನೋಟ್ಸ್ ಅಕ್ಷರ ಬಿಡದೆ ಬಾಯಿಪಾಠ. ಬಾಯಿಪಾಠ ಮಾಡದೆ ಅವಳಿಗೆ ಗತಿಯಿರಲಿಲ್ಲ. ಮಗಳನ್ನು ದೂರದೂರಿನ ತಂಗಿ ಮನೆಯಲ್ಲಿ ಬಿಟ್ಟು ಓದಲು ಬಂದಿದ್ದಳು. ಮಕ್ಕಳೆದುರು ಮಾಡಿ ತೋರಿಸುವ ಕೊನೆಯ ಪರೀಕ್ಷಾ ಪಾಠದಲ್ಲಿ ಪಾಸಾದರೆ ಕೆಲಸ, ಕೆಲಸ ಸಿಕ್ಕರೆ ಮಗಳು. ಫೇಲಾದರೆ ಇನ್ನೊಂದು ವರ್ಷ ಮಗಳ ಮುಖ ಫೋನಿನಲ್ಲೇ ನೋಡಬೇಕು. ಅದನ್ನು ನೆನೆದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಪಾಠ ಮಾಡಬೇಕಾದ ಮಾದರಿ ಶಾಲೆ ಕಾಲೇಜಿನ ಹಿಂದೆಯೇ ಇತ್ತು. ಭಾವೀ ಶಿಕ್ಷಕರೆಲ್ಲ ಕೈ ಪಳಗಿಸಿಕೊಳ್ಳುತ್ತಿದ್ದುದು ಅಲ್ಲಿನ ಮಕ್ಕಳ ಮೇಲೆಯೇ. ಹಾಗಾಗಿ ಆ ಮಕ್ಕಳು ಮೇಷ್ಟ್ರುಗಳಿಗಿಂತ ಪಳಗಿದ್ದವು. ದೊಡ್ಡಕ್ಕ ಒಳಗೆ ಕಾಲಿಟ್ಟದ್ದೇ, ಎರಡು ಜಡೆಯ ಹುಡುಗಿ ಎದ್ದು ನಿಂತಳು.

“ಟೀಚರ್, ಕುತೂಹಲ ಶುರುವಲ್ಲೇ ತೋರಿಸ್ಬೇಕಾ, ಮಧ್ಯದಲ್ಲಾ? ಹೋದ ವಾರದ ಟೀಚರ್ ಮಧ್ಯದಲ್ಲಿ ಅಂದಿದ್ರು.”

“ಮಧ್ಯದಲ್ಲೇ ಇರ್ಲಮ್ಮ,” ಎಂದಳು ದೊಡ್ಡಕ್ಕ.

ಹಿಂದಿನ ಬೆಂಚಿನಲ್ಲಿ ಅಂಕ ಹಾಕುವ ಪರಿವೀಕ್ಷಕರೂ ಇತಿಹಾಸದ ಮೇಷ್ಟ್ರೂ ಮೊಣಕಾಲು ಮಡಚಿ ಕೂತಿದ್ದರು. ಹಳೇ ರಾಜನೊಬ್ಬನ ತೆರಿಗೆ ಪದ್ಧತಿಯ ಪಾಠ ನಡೆಯಿತು. ಮೊದಲ ಸಾಲು ‘ಯಾಕೆ’ ಎಂದಿತು, ಎರಡನೇ ಸಾಲು ‘ಹೇಗೆ’ ಎಂದಿತು, ಕೊನೇ ಸಾಲು ‘ಇದಕ್ಕೆ ಪುರಾವೆ ಏನು’ ಎಂದು ಒಕ್ಕೊರಲಿನಿಂದ ಅನುಮಾನಪಟ್ಟಿತು. ಮೇಷ್ಟ್ರ ಕಣ್ಣು ತುಂಬಿಬಂತು.

ಪರಿವೀಕ್ಷಕರು ಮಾತ್ರ ಆದೇಶದ ಕೊನೆಯ ಸಾಲನ್ನೂ ಓದಿದ್ದ ಮನುಷ್ಯ. “ಅಭ್ಯಾಸ ಮಾಡಿಸದ ಒಂದು ಪ್ರಶ್ನೆ ಕಡ್ಡಾಯ. ಯಾರಾದ್ರೂ ಕೇಳಿ,” ಎಂದರು.

ತರಗತಿ ಗಲಿಬಿಲಿಗೊಂಡಿತು. ಕಡೆಗೆ ಎರಡು ಜಡೆಯವಳೇ ಎದ್ದಳು. “ವರಾಂಡದ ತುದೀಲಿರೋ ಟಾಯ್ಲೆಟ್‌ಗೆ ಯಾಕೆ ಬೀಗ ಹಾಕಿದಾರೆ? ಅರ್ಜೆಂಟ್ ಆದ್ರೆ ನಾವೆಲ್ಲ ಮನೆಗೆ ಓಡ್ಬೇಕು.”

ಶಿಕ್ಷಕಿ ಉತ್ತರ ಹೇಳಕೂಡದು, ಹುಡುಕಿಸಬೇಕು ಎಂದು ನೋಟ್ಸಿನಲ್ಲಿತ್ತು. “ಹೇಗೆ ಕಂಡುಹಿಡಿಯೋಣ?” ಎಂದು ದೊಡ್ಡಕ್ಕ ಕೇಳಿಬಿಟ್ಟಳು. ಮಕ್ಕಳು ದಡಬಡನೆ ಹೊರಗೆ ಓಡಿದವು. ವರಾಂಡದಲ್ಲಿ ಕೂತಿದ್ದ ಹೆಡ್‌ಮೇಡಂ ಪಾಪ, ಮುಚ್ಚುಮರೆ ಮಾಡಲಿಲ್ಲ.

“ನಾನೇ ಹಾಕ್ಸಿದ್ದು ಕಣ್ರೋ. ಪರಿವೀಕ್ಷಕರು ಬಂದಾಗ ಚೊಕ್ಕವಾಗಿರ್ಬೇಡ್ವಾ?”

ಮಕ್ಕಳು ವಾಪಸು ಬಂದು ಪರಿವೀಕ್ಷಕರನ್ನು ಸುತ್ತುವರಿದವು. “ಸರ್, ನೀವು ಅದಕ್ಕೆ ಹೋಗಿದ್ದೀರಾ?”

“ಇಲ್ವಲ್ಲಮ್ಮ. ಯಾವಾಗ ಬಂದ್ರೂ ಬೀಗ ಹಾಕಿರುತ್ತೆ. ಮಕ್ಕಳಿಗೆ ಅಂತ ಇಟ್ಟಿರ್ಬೇಕು ಅಂದ್ಕೊಂಡು ನಾನು ಕಾಲೇಜಿನ ಕಡೆಗೇ ಹೋಗಿ ಬರ್ತೀನಿ.”

“ಹಾಗಾದ್ರೆ ತೆಗೀಬಹುದಲ್ವಾ?” ಎಂದಳು ಎರಡು ಜಡೆಯವಳು.

ಪರಿವೀಕ್ಷಕರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಬೀಗ ಯಾರು ಹಾಕಿದ್ರು, ಯಾಕೆ ಹಾಕಿದ್ರು ಅನ್ನೋದು ಇತಿಹಾಸ. ತೆಗೀಬೇಕು ಅನ್ನೋದು ಪೌರನೀತಿ. ಪೌರನೀತಿ ಇರೋದು ಮುಂದಿನ ಅವಧಿಗೆ.”

“ನೀವೇನಂತೀರಮ್ಮ?” ಎಂದು ಪರಿವೀಕ್ಷಕರು ಪೆನ್ನಿನ ಮುಚ್ಚಳ ತೆಗೆದು ದೊಡ್ಡಕ್ಕನನ್ನು ಕೇಳಿದರು.

ಈಗಲೇ ತೆಗೆಯಿರಿ ಎಂಬ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಕಣ್ಣೆದುರಿಗೆ ಮಗಳ ಮುಖ ಬಂತು. “ಮುಂದಿನ ಅವಧಿಗೇ ಸರ್,” ಎಂದಳು. ಪೂರ್ತಿ ಅಂಕ ಬಂತು.

ಆ ಪಾಠದ ಕೀರ್ತಿ ಎಲ್ಲೆಡೆ ಹಬ್ಬಿ, ಶೌಚಾಲಯದ ಬಾಗಿಲಿಗೆ ಒಂದು ಫಲಕವೂ ಬಂತು: ‘ಇದು ಇತಿಹಾಸ ಬೋಧನೆಯ ಪ್ರಾಥಮಿಕ ಆಕರ. ಇದನ್ನು ತೆರೆಯುವುದು, ತಟ್ಟುವುದು ಹಾಗೂ ಇದರೆದುರು ಅವಸರದ ಮುಖ ಮಾಡಿಕೊಂಡು ನಿಲ್ಲುವುದನ್ನು ನಿಷೇಧಿಸಲಾಗಿದೆ.’ ಮುಂದಿನ ಅವಧಿಯಲ್ಲಿ ಮಕ್ಕಳು ಪೌರನೀತಿಯ ಪ್ರಕಾರವೇ ಮನವಿ ಕೊಟ್ಟರು. ಬಾಗಿಲು ಈಗಾಗಲೇ ಇತಿಹಾಸ ವಿಭಾಗಕ್ಕೆ ಸೇರಿರುವುದರಿಂದ ಪೌರನೀತಿ ವಿಭಾಗ ಅದರಲ್ಲಿ ಕೈಹಾಕುವಂತಿಲ್ಲ ಎಂದು ಉತ್ತರ ಬಂತು. ಉತ್ತರ ಬಂದದ್ದೇ ದೊಡ್ಡದೆಂದು ಮಕ್ಕಳು ಚಪ್ಪಾಳೆ ತಟ್ಟಿದರು.

ದೊಡ್ಡಕ್ಕನಿಗೆ ಅದೇ ಶಾಲೆಯಲ್ಲಿ ಕೆಲಸವಾಯಿತು. ಪಕ್ಕದ ಬೀದಿಯಲ್ಲಿ ಮನೆ ಹಿಡಿದು, ಮಗಳನ್ನು ಕರೆಸಿಕೊಂಡು, ಒಂದನೇ ತರಗತಿಗೆ ತಾನೇ ಹೆಸರು ಬರೆಸಿದಳು. ಅವಳಷ್ಟು ಸುಖಿ ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಈಗ ಭಾವೀ ಶಿಕ್ಷಕರ ತಂಡ ತಂಡವೇ ಬಂದು ಬೀಗದ ಕಾರಣ ಹುಡುಕಿ, ಪಾಸಾಗಿ ಹೋಗುತ್ತದೆ.

ಮೊನ್ನೆ ಅವರಲ್ಲೊಬ್ಬಳು ಮೆಲ್ಲಗೆ ಕೇಳಿದಳು, “ಅಕ್ಕಾ, ಬೀಗ ತೆಗೆದುಬಿಟ್ರೆ ಏನಾಗುತ್ತೆ?”

“ತೆಗೆದ್ರೆ ನೀನು ಯಾವುದರ ಮೇಲೆ ಪಾಸಾಗ್ತೀಯಮ್ಮ?” ಎಂದಳು ದೊಡ್ಡಕ್ಕ. ಹುಡುಗಿ ಅದನ್ನೂ ಬರೆದುಕೊಂಡಳು.

ಅಷ್ಟರಲ್ಲಿ ಒಂದನೇ ತರಗತಿಯಿಂದ ಮಗಳು ಬಂದು, ಕಾಲು ಹೆಣೆದುಕೊಂಡು ಅಮ್ಮನ ಸೆರಗು ಜಗ್ಗಿದಳು. “ಅಮ್ಮಾ, ಅರ್ಜೆಂಟು.”

ದೊಡ್ಡಕ್ಕ ಬಾಗಿಲು ನೋಡಿದಳು, ಫಲಕ ನೋಡಿದಳು, ಮನೆಯ ಕೀಲಿ ತೆಗೆದು ಮಗಳ ಕೈಗಿಟ್ಟಳು. “ಓಡು ಪುಟ್ಟಾ, ರಸ್ತೆ ದಾಟೋವಾಗ ಎರಡೂ ಕಡೆ ನೋಡ್ಕೋ.”

ಮಗಳು ಓಡಿದಳು. ದಾರಿಯಲ್ಲಿ ಅವಳ ತರಗತಿಯ ಅರ್ಧದಷ್ಟು ಮಕ್ಕಳು ಆಗಲೇ ಓಡುತ್ತಿದ್ದರು, ಅವಳಿಗೂ ಜಾಗ ಬಿಟ್ಟುಕೊಟ್ಟರು.