ನಮ್ಮಕ್ಕನೂ ಊರ ಮಂದಿಯ ಅಡ್ಡಹೆಸರುಗಳೂ

ನಮ್ಮ ಅಕ್ಕನಿಗೆ ನಿಮ್ಮ ಮನೆತನದ ಅಡ್ಡಹೆಸರು ಮಾತ್ರ ಹೇಳಬೇಡಿ. ಹೇಳಿದಿರೋ, ಕೆಟ್ಟಿರಿ! ಅದರ ಅರ್ಥ, ಆ ಹೆಸರಿನ ಗಣ್ಯರು, ಎಲ್ಲ ಕೇಳಿಸಿಕೊಂಡೇ ಏಳಬೇಕು. ಗಣ್ಯರೆಂದರೆ ರಾಜಮಹಾರಾಜರಲ್ಲ, ಅವಳ ಓಣಿಯವರು, ಶಾಲೆಯವರು, ಬಸ್ಸಿನಲ್ಲಿ ಸಿಕ್ಕವರು.

ಒಮ್ಮೆ ಹುಬ್ಬಳ್ಳಿಯಿಂದ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು, ಪಾಪ, ಅಕ್ಕನಿಗೆ "ಮೆಣಸಿನಕಾಯಿ ರೀ" ಅಂದುಬಿಟ್ಟರು.

"ಹೌದ್ರಿ? ನಿಮ್ಮ ಹಿರ್ಯಾರು ಬ್ಯಾಡಗಿ ಪ್ಯಾಟ್ಯಾಗ ಮಾರತಿದ್ದಿರಬೇಕು! ನಮಗೂ ಒಬ್ರು ಮೆಣಸಿನಕಾಯಿ ಮಾಸ್ತರ ಇದ್ರು, ಭಾಳ ಶಾಂತ ಮನಷ್ಯಾ. ಖಾರ ನೋಡಬೇಕಂದ್ರ ನಮ್ಮ ಓಣಿ ಸಕ್ರಿಯವ್ರ ಮನಿಗೆ ಬರ್ರಿ!"

ನವನಗರದ ತನ್ನ ಮನೆಗೆ ಇಳಿಯಬೇಕಾದ ಅಕ್ಕ ಮಾತಿನ ಭರದಲ್ಲಿ ಧಾರವಾಡದ ನಮ್ಮ ಮನೆಗೇ ಬಂದಳು. ಬರಿಗೈಲಿ ಅಲ್ಲ, ಮೆಣಸಿನಕಾಯಿಯವರನ್ನೂ ಚಹಾಕ್ಕೆ ಕರೆದುಕೊಂಡು!

ಇಂಥವಳು ನನ್ನ ಮಗಳಿಗೆ ಸೋದರತ್ತೆ. ನಮ್ಮ ಕಡೆ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದೇ. ಹೀಗಾಗಿ ತೊಟ್ಟಿಲಿಗೆ ಹಾಕುವ ದಿನ ಬೆಳಗಾದರೂ ಹೆಸರು ನಿಶ್ಚಯವಾಗಿರಲಿಲ್ಲ! ನನ್ನ ಹೆಂಡತಿ "ಸ್ಮಿತಾ" ಅಂದಳು.

"ಸ್ಮಿತಾ ಅಂದ್ರ ನಗಿ, ಖರೇ. ಆದ್ರ ನಮ್ಮ ಕ್ಲಾಸಿನ ಸ್ಮಿತಾ ಒಂದ್ ದಿನಾನೂ ನಕ್ಕಾಕಿ ಅಲ್ಲ."

"ಶಾಂತಾ?" ಅಂದೆ ನಾನು.

"ನಳ ಬಂದಾಗ ನಮ್ಮ ಓಣಿ ಶಾಂತಾನ್ನ ನೋಡೀ ಏನು?"

"ಹಿಂಗಾದ್ರ ನನ್ನ ಮಗಳು ಮದುವಿ ಆಗೂತನಾ 'ಕೂಸು' ಅಂತನ ಇರತಾಳ್ರಿ!" ಎಂದು ಹೆಂಡತಿ ನನ್ನ ಮೇಲೆ ಹರಿಹಾಯ್ದಳು.

ನನಗೂ ತಲೆ ಕೆಟ್ಟಿತು. "ಅಕ್ಕಾ, ನಿನ್ನ ಹೆಸರಿನ ಅರ್ಥ ಏನು? ಅದನ್ನಷ್ಟು ಹೇಳು."

"ಯಾವುದೋ? ಸುಮಂಗಲಾನೋ?"

ಅದು ಮದುವೆಯಲ್ಲಿ ಭಾವನ ಮನೆಯವರು ಹಳೆಯದನ್ನು ಬದಲಿಸಿ ಅಕ್ಕಿಯ ಮೇಲೆ ಬರೆದ ಹೆಸರು. ತವರಿನಲ್ಲಿ ಅವಳು ಕಸ್ತೂರಿ. ಅವ್ವ ಹೋದ ಮೇಲೆ ಹಾಗೆ ಕರೆಯುವವರೇ ಉಳಿದಿಲ್ಲ. ನಾನಂತೂ 'ಅಕ್ಕಾ' ಎಂದೇ ಬೆಳೆದವನು.

"ಹಳೀದು ಬಿಡೋ. ಅದನ್ನ ಈಗ ಯಾರು ಕೇಳತಾರ?" ಎಂದು ಅಕ್ಕ ಕೂಸಿನ ತಲೆಗೆ ಕುಂಚಿಗೆ ಕಟ್ಟತೊಡಗಿದಳು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಮೆಲ್ಲಗೆ ತಲೆಯಾಡಿಸಿದಳು. ಹೆಸರು ನಾವೇ ಆರಿಸಿದ್ದೇವೆ, ಸಂಜೆ ತೊಟ್ಟಿಲ ಮುಂದೆಯೇ ಹೇಳುತ್ತೇನೆ ಎಂದೆ ಅಕ್ಕನಿಗೆ.

ಸಂಜೆ ಅಕ್ಕ ತೊಟ್ಟಿಲಿಗೆ ಬಾಗಿದಳು. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳುವಾಗ ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಅಕ್ಕನ ಓಣಿಯ ಸಕ್ರಿ ಬಾಯಾರಂತೂ ತೋಳೇರಿಸಿಯೇ ನಿಂತಿದ್ದರು!

"ಲಗೂ ಹೇಳೋ, ಏನ ಹೆಸರು?" ಅಂದಳು ಅಕ್ಕ.

"ಕಸ್ತೂರಿ."

ಅಕ್ಕ ತಿರುಗಿ ನೋಡಿದಳು. ಗುದ್ದು ಬೀಳುವ ಮೊದಲೇ ಕಣ್ಣು ತುಂಬಿತ್ತು.

"ಆ ಹೆಸರಿನ ದೊಡ್ಡ ಮಂದಿ ನನಗ ಯಾರೂ ಗೊತ್ತಿಲ್ಲಲೋ ತಮ್ಮಾ."

"ನನಗ ಒಬ್ಬಾಕಿ ಗೊತ್ತದಾಳ. ಹೇಳು ನೀ."

ಅವಳು ಬಾಗಿದಳು. ಒಂದು ಸಲ ಹೇಳಿದರೆ ಸಾಕಿತ್ತು. ಗುದ್ದುಗಳು ಬೀಳುತ್ತಲೇ ಇದ್ದವು, ಅಕ್ಕ ಏಳಲೇ ಇಲ್ಲ. ಕೂಸಿನ ಕಿವಿಯಲ್ಲಿ ಹೇಳುತ್ತಲೇ ಇದ್ದಳು: ಕಸ್ತೂರಿ, ಕಸ್ತೂರಿ, ಕಸ್ತೂರಿ.