ನಮ್ಮ ಹಜಾರದ ಛಾವಣಿಯ ಜೊತೆಗೆ ನಮ್ಮ ಅಕ್ಕನನ್ನೂ ರಿಪೇರಿ ಮಾಡಿದ ಮೇಸ್ತ್ರಿಗಳಿಗೆ

ಮಾನ್ಯ ಗಾರೆ ಮೇಸ್ತ್ರಿಗಳೇ,

ತಮ್ಮ ಪಾದಗಳಿಗೆ ನಮಸ್ಕರಿಸೋಣವೆಂದರೆ ಅವು ಸದಾ ಸಾರುವೆಯ ಹಲಗೆಗಳ ಮೇಲೆ, ನನ್ನ ನೆತ್ತಿಗಿಂತ ಮೂರಡಿ ಎತ್ತರದಲ್ಲಿರುವುದರಿಂದ, ಇಲ್ಲಿಂದಲೇ ಕತ್ತೆತ್ತಿ ಕೈಮುಗಿಯುತ್ತಿದ್ದೇನೆ. ತಮ್ಮ ಸೊಂಟ, ಕತ್ತು ಮತ್ತು ಬಲಭುಜ ಕ್ಷೇಮವೆಂದು ಭಾವಿಸುತ್ತೇನೆ. ತಮಗೆ ಫೋನಿಲ್ಲ, ವಿಳಾಸವೆಂದರೆ ಆಯಾ ತಿಂಗಳು ಯಾರ ಮನೆಯ ಛಾವಣಿ ಬಿರುಕು ಬಿಟ್ಟಿದೆಯೋ ಅದೇ. ಆದ್ದರಿಂದ ಈ ಪತ್ರವನ್ನು ತಾವು ಸುಣ್ಣ ಕೊಳ್ಳುವ ಅಂಗಡಿಯ ಬಾಗಿಲಿಗೆ ಅಂಟಿಸುತ್ತಿದ್ದೇನೆ. ಬೇರೆಯವರು ಓದಿದರೂ ಅಡ್ಡಿಯಿಲ್ಲ. ಮನೆಯಲ್ಲಿ ಅಕ್ಕ ಇರುವವರು ಎರಡು ಸಲ ಓದಲಿ.

ನೂರು ವರ್ಷ ದಾಟಿದ ನಮ್ಮ ಮನೆಯ ಹಜಾರದ ಛಾವಣಿಯಲ್ಲಿ ಗಾರೆಯ ಬಳ್ಳಿಯೊಂದು ಸುತ್ತ ಹಬ್ಬಿದ್ದು, ಅದರಲ್ಲಿ ತಟ್ಟೆಯಷ್ಟಗಲದ ಹದಿನಾರು ಹೂಗಳಿದ್ದವು ಎಂಬುದನ್ನು ತಾವು ಬಲ್ಲಿರಿ. ಒಂದು ಭಾನುವಾರ ಬೆಳಿಗ್ಗೆ ನಾನು ಕಾಫಿಗೆ ಸಕ್ಕರೆ ಸಾಲದೆಂದು ಅಡುಗೆಮನೆಗೆ ಎದ್ದುಹೋದಾಗ ಹದಿನಾರರಲ್ಲೊಂದು ಹೂ, ಯಾವ ಮುನ್ಸೂಚನೆಯೂ ಇಲ್ಲದೆ, ನಾನು ಕೂತಿದ್ದ ಕುರ್ಚಿಯ ಮೇಲೆ ಬಿದ್ದು ಪುಡಿಪುಡಿಯಾಯಿತು. ಸಕ್ಕರೆಯಿಂದ ಆರೋಗ್ಯ ಕೆಡುತ್ತದೆನ್ನುವ ನನ್ನ ಹೆಂಡತಿ ಅಂದಿನಿಂದ ಆ ವಿಷಯ ಎತ್ತಿಲ್ಲ.

ಮರುದಿನವೇ ನಾನು ಫಾಲ್ಸ್ ಸೀಲಿಂಗ್ ಹಾಕುವ ಕಂಪನಿಯವರನ್ನು ಕರೆಸಿದೆ. ಅವರು ಒಮ್ಮೆ ಮೇಲೆ ನೋಡಿ, "ಎರಡೇ ದಿನ ಸಾರ್, ಹಳೇದನ್ನೆಲ್ಲ ಕೆಡವಿ ಬೋರ್ಡ್ ಹೊಡೆದುಬಿಡ್ತೀವಿ, ನಯವಾಗಿ ಕನ್ನಡಿ ಇದ್ದಂಗಿರುತ್ತೆ" ಎಂದರು. ನಾನು ಒಪ್ಪಿ ಪೆನ್ನು ಹುಡುಕುತ್ತಿದ್ದಾಗ, ಟೆಲಿಫೋನ್ ಕಚೇರಿಯಲ್ಲಿ ಮೂವತ್ತೇಳು ವರ್ಷ ಊರಿನ ಕರೆಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ನಿವೃತ್ತಳಾಗಿದ್ದ ನನ್ನ ಅಕ್ಕ ಆ ಪೆನ್ನಿನ ಮೇಲೆಯೇ ಕೂತಿದ್ದಳು. "ಹೂ ಬಿದ್ದಿದ್ದು ಒಂದು. ಉಳಿದ ಹದಿನೈದು ಏನು ತಪ್ಪು ಮಾಡಿವೆ?" ಎಂದು ಕೇಳಿ, ಕಂಪನಿಯವರನ್ನು ಕಳಿಸಿ, ಎಲ್ಲಿಂದಲೋ ತಮ್ಮನ್ನು ಹುಡುಕಿ ತಂದಳು.

ತಾವು ಬಂದ ರೀತಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಏಣಿ ಹತ್ತಿ, ಛಾವಣಿಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ದೊಡ್ಡ ಡಾಕ್ಟರರ ಗಾಂಭೀರ್ಯದಲ್ಲಿ ಇಳಿದು ಬಂದು, "ಮರದ ಪಟ್ಟಿ ಗಟ್ಟಿಯಿದೆ, ಗಾರೆ ಕೈಬಿಟ್ಟಿದೆ ಅಷ್ಟೆ. ಮತ್ತೆ ಹಿಡಿಸಬಹುದು. ಮೂರು ವಾರ" ಎಂದಿರಿ. ಆ ಮೂರು ವಾರ ಯಾವ ಗ್ರಹದ್ದೆಂದು ಆಗಲೇ ಕೇಳದೆ ಹೋದದ್ದು ನನ್ನ ತಪ್ಪು. ಸುಣ್ಣ ಮಾಗಬೇಕೆಂದು ಹಿತ್ತಲಿನ ಡ್ರಮ್ಮಿನಲ್ಲಿ ಅದನ್ನು ನೆನೆಹಾಕಿ, ಗದ್ದಲ ಮಾಡಬೇಡಿರೆಂದು ನಮಗೆ ತಾಕೀತು ಮಾಡಿದಿರಿ. ಆ ತಿಂಗಳು ನಮ್ಮ ಮನೆಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಆ ಸುಣ್ಣ ಮಾತ್ರ. ಹಜಾರದ ಸಾಮಾನೆಲ್ಲ ನಮ್ಮ ಮಲಗುವ ಕೋಣೆ ಸೇರಿದ್ದರಿಂದ, ನಾನು ಮಂಚ ತಲುಪಲು ಊಟದ ಮೇಜಿನ ಕೆಳಗೆ ತೆವಳಿ, ಸೋಫಾದ ಬೆನ್ನು ದಾಟಿ, ಪುಸ್ತಕದ ಬೀರುವಿಗೆ ಕ್ಷಮೆ ಕೇಳಿ ಹೋಗಬೇಕಾಗಿತ್ತು. ಮಂಚ ಸೇರಿದಾಗಲೆಲ್ಲ ಹೆಂಡತಿ ಚಪ್ಪಾಳೆ ತಟ್ಟುತ್ತಿದ್ದಳು.

ಇದೆಲ್ಲವನ್ನೂ ಕ್ಷಮಿಸಿದ್ದೇನೆ. ನನ್ನ ದೂರು ಬೇರೆ.

ಮೊದಲ ವಾರ ಅಕ್ಕ ಕೆಳಗೆ ನಿಂತು ತಮಗೆ ಟಾರ್ಚ್ ಹಿಡಿದಳು. ಎರಡನೆಯ ವಾರ ಗಾರೆ ಮೆತ್ತುವ ಕರಣೆ ಎತ್ತಿಕೊಟ್ಟಳು. ಜೋತುಬಿದ್ದ ಗಾರೆಯನ್ನು ಹಲಗೆಯಿಂದ ಮೇಲಕ್ಕೊತ್ತಿ ಹಿಡಿದು ತಿರುಪು ಬಿಗಿಯುವ ಕೆಲಸ ಬಂದಾಗ, ಒಂದು ಕೈ ಸಾಲದೆಂದು ತಾವು ಗೊಣಗಿದ್ದೇ ತಡ, ಮಂಡಿನೋವಿನಿಂದ ಎರಡು ವರ್ಷ ಸ್ಟೂಲು ಹತ್ತದ, ಅರವತ್ತೊಂದು ವರ್ಷದ ನನ್ನ ಅಕ್ಕ ಸೆರಗು ಸಿಕ್ಕಿಸಿ ಸಾರುವೆ ಹತ್ತಿಬಿಟ್ಟಳು. "ಅಕ್ಕಾ, ನಿನ್ನ ಮಂಡಿ!" ಎಂದು ನಾನು ಕೂಗಿದರೆ, "ಕೆಳಗಿದ್ರೆ ನೋಯುತ್ತೆ ಕಣೋ, ಇಲ್ಲಿ ಮಲಗಿ ಮಾಡೋ ಕೆಲಸ" ಎಂಬ ಉತ್ತರ ಬಂತು. ಬುದ್ಧಿ ಹೇಳಿ ಇಳಿಸಬೇಕಾದ ತಾವು ಅವಳಿಗೆ ಜಾಗ ಕೊಟ್ಟು ಪಕ್ಕಕ್ಕೆ ಸರಿದಿರಿ.

ಆಮೇಲೆ ಬಿದ್ದ ಹೂವಿನ ಬದಲಿಗೆ ಹೊಸದನ್ನು ಮಾಡಬೇಕಾಯಿತು. ಗಟ್ಟಿಯಾಗಿದ್ದ ಒಂದರಿಂದ ಅಚ್ಚು ತೆಗೆದು ತುಂಬುವ ಕೆಲಸವನ್ನು ಅಕ್ಕನಿಗೆ ವಹಿಸಿದಿರಿ. ಅವಳ ಮೊದಲ ಹೂ ಎಲೆಕೋಸಿನಂತಿತ್ತು. ಎರಡನೆಯದು, ನನ್ನ ಹೆಂಡತಿಯ ಪ್ರಕಾರ, ಗೊರಕೆ ಹೊಡೆಯುವಾಗಿನ ನನ್ನ ಮುಖದಂತಿತ್ತು. ತಾವು ನಗಲೂ ಇಲ್ಲ, ಹೊಗಳಲೂ ಇಲ್ಲ. "ಇನ್ನೊಂದು" ಎಂದಿರಿ, ಅಷ್ಟೆ. ಉಪ್ಪು ಜಾಸ್ತಿಯಾಯಿತೆಂದರೆ ಮೂರು ದಿನ ಮಾತು ಬಿಡುವ ನನ್ನ ಅಕ್ಕ ಹದಿಮೂರು ಹೂಗಳನ್ನು ತನ್ನ ಕೈಯಾರೆ ಒಡೆದಳು, ಪ್ರತಿಯೊಂದನ್ನು ಒಡೆದಾಗಲೂ ನಕ್ಕಳು.

ಮೇಸ್ತ್ರಿಗಳೇ, ಆ ನಗು ನನಗೆ ಹೊಸದು. ಅಪ್ಪ ತೀರಿಕೊಂಡಾಗ ಅವಳಿಗೆ ಇಪ್ಪತ್ತಮೂರು, ನನಗೆ ಒಂಬತ್ತು. ಓದು ಬಿಟ್ಟು ಕೆಲಸಕ್ಕೆ ಸೇರಿ, ನನ್ನನ್ನು ಓದಿಸಿ, ನನ್ನ ಮದುವೆ ಮಾಡಿ, ನನ್ನ ಬನಿಯನ್ ಯಾವ ಕಪಾಟಿನಲ್ಲಿದೆಯೆಂದು ಇಂದಿಗೂ ನನಗಿಂತ ಚೆನ್ನಾಗಿ ಬಲ್ಲವಳು ಅವಳು. ಇಷ್ಟು ವರ್ಷ ಅವಳು ನಕ್ಕದ್ದೆಲ್ಲ ನಮಗಾಗಿ ಎಂಬುದು, ಅವಳು ತನಗಾಗಿ ನಕ್ಕ ಆ ದಿನ ನನಗೆ ತಿಳಿಯಿತು. ಬಾಗಿಲಲ್ಲಿ ನಿಂತು ಕೇಳಿ, ಏನು ಮಾಡಬೇಕೆಂದು ತೋಚದೆ ಹೋಗಿ ಹಿತ್ತಲಿನ ಡ್ರಮ್ಮಿನ ಮುಚ್ಚಳ ಸರಿಮಾಡಿ ಬಂದೆ.

ಹದಿನಾಲ್ಕನೆಯ ಹೂ ಮೇಲೇರಿತು. ತಾವು ಸಾರುವೆ ಬಿಚ್ಚಿ ಹೋದಿರಿ. ಇನ್ನು ಶಾಂತಿ ಎಂದು ನಾನು ಕುರ್ಚಿ ತಂದು ಹಾಕಿ ಕೂತರೆ, ಬೆಳಿಗ್ಗೆ ಎಂಟಕ್ಕೆ ಅಕ್ಕ ನನ್ನ ಹಳೆಯ ಪ್ಯಾಂಟು ತೊಟ್ಟು, ಚೀಲದಲ್ಲಿ ಕರಣೆ ಹಾಕಿಕೊಂಡು ಹೊಸಿಲು ದಾಟುತ್ತಿದ್ದಳು. "ಎಲ್ಲಿಗಕ್ಕಾ?" ಎಂದರೆ "ಕೆಲಸಕ್ಕೆ" ಎಂದಳು. ಆ ಪ್ಯಾಂಟನ್ನು ಅವಳ ಅಳತೆಗೆ ಹೊಲಿದುಕೊಟ್ಟ ಎದುರುಮನೆಯ ದರ್ಜಿ ಸಂಜೆಯೊಳಗೆ ಇಡೀ ಬೀದಿಗೆ ಸಾರಿ ತಮಗೂ ಅಕ್ಕನಿಗೂ ಮದುವೆ ನಿಶ್ಚಯ ಮಾಡಿಬಿಟ್ಟ. ಹೆಂಡತಿ ನನ್ನನ್ನು ತಳ್ಳಿ ಕೇಳಿಸಿದಳು. ಅಕ್ಕ ಕರಣೆ ತೊಳೆಯುತ್ತಲೇ, "ಮದುವೇನಾ? ಕೆಲಸ ಕಲಿಯೋಕೆ ಮದುವೆ ಯಾಕೋ ಆಗಬೇಕು? ಆ ಮನುಷ್ಯ ದಿನಕ್ಕೆ ನಾಲ್ಕು ಮಾತಾಡ್ತಾರೆ, ಅದರಲ್ಲಿ ಮೂರು 'ಇನ್ನೊಂದು'" ಎಂದಳು. ಮದುವೆಯಾಗಿದ್ದರೆ ನಾನು ಗೌರವದಿಂದ ಅತ್ತು ಸುಮ್ಮನಾಗುತ್ತಿದ್ದೆ. ಅವಳು ಸುಖವಾಗಿದ್ದಾಳೆ, ಕಾರಣ ಸುಣ್ಣ ಎಂದರೆ ಯಾರ ಮುಂದೆ ಅಳಲಿ?

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು: ನನ್ನ ಅಕ್ಕನನ್ನು ತಾವು ಪಡೆದ ಸ್ಥಿತಿಯಲ್ಲೇ, ಮಂಡಿನೋವು ಸಮೇತ, ಹಿಂತಿರುಗಿಸುವುದು. ಅದಾಗದಿದ್ದರೆ ನಮ್ಮ ಹೂಗಳನ್ನು ತಿಂಗಳಿಗೊಂದರಂತೆ ಉದುರುವ ಹಾಗೆ ಸಡಿಲಿಸುವುದು. ನಾನು ಸಕ್ಕರೆ ಹೆಚ್ಚು ತಿಂದು ಬಚಾವಾಗುತ್ತೇನೆ. ಅದೂ ಆಗದಿದ್ದರೆ ಊರಿನ ಎಲ್ಲ ಹಳೆಯ ಛಾವಣಿಗಳನ್ನು ನೆಲದಿಂದ ಎರಡಡಿ ಎತ್ತರಕ್ಕೆ ಇಳಿಸಿ, ಆಮೇಲೆ ಅವಳನ್ನು ಕೆಲಸಕ್ಕೆ ಕರೆಯುವುದು.

ಈ ಬೇಡಿಕೆಗಳನ್ನು ಬರೆಯುವ ಮೊದಲು, ಕಳೆದ ಗುರುವಾರ, ಅವಳನ್ನು ಕರೆತರಲು ನಾನೇ ತಮ್ಮ ಈಗಿನ ಕೆಲಸದ ಜಾಗವಾದ ಹಳೆಯ ಗ್ರಂಥಾಲಯಕ್ಕೆ ಬಂದಿದ್ದೆ; ತಾವು ಆಚೆ ಗೋಡೆಯ ಕಡೆ ಸಾರುವೆಯ ಮೇಲೆ ಮಲಗಿ ಕೆಲಸ ಮಾಡುತ್ತಿದ್ದರಿಂದ ಗಮನಿಸಿರಲಿಕ್ಕಿಲ್ಲ. ಮೇಲೆ ಹಲಗೆಯ ಮೇಲೆ ಹುಬ್ಬಿನವರೆಗೆ ಬಿಳಿಯಾಗಿದ್ದ ಯಾರೋ ಹಾಡಿಕೊಳ್ಳುತ್ತಾ ಗಾರೆ ಮೆತ್ತುತ್ತಿದ್ದರು. ನನ್ನ ಅಕ್ಕ ಎಲ್ಲಿದ್ದಾಳೆಂದು ನಾನು ಕೇಳಿದ್ದು ಅಕ್ಕನನ್ನೇ. "ಬಾಯಿ ಮುಚ್ಚಿಕೋ, ಗಾರೆ ಬೀಳುತ್ತೆ" ಎಂದಳು. ಮನೆಗೆ ಬಾ ಎನ್ನಲು ಬಾಯಿ ತೆರೆದೆ, ಗಾರೆ ಬಿತ್ತು. "ಹೇಗೂ ಬಂದಿದ್ದೀಯಲ್ಲ, ಆ ಬಕೆಟ್ ಕೊಡು" ಎಂದಳು. ಕೊಟ್ಟೆ. ಖಾಲಿ ಮಾಡಿ ಇಳಿಸಿದಳು. ತುಂಬಿ ಮತ್ತೆ ಕೊಟ್ಟೆ. ಗ್ರಂಥಪಾಲಕರು ಬಾಗಿಲು ಹಾಕಲು ಬರುವವರೆಗೆ ಇಪ್ಪತ್ತೆರಡು ಬಕೆಟ್ ಕೊಟ್ಟಿದ್ದೇನೆ. ಮನೆಗೆ ಬಾ ಎಂದು ಹೇಳುವುದು ಮರೆತೇಹೋಯಿತು. ದಾರಿಯುದ್ದಕ್ಕೂ ಅಕ್ಕ ಮೂಲೆಯ ಬಳ್ಳಿಯನ್ನು ಹೇಗೆ ತಿರುಗಿಸಬೇಕೆಂದು ಗಾಳಿಯಲ್ಲಿ ಬರೆದು ತೋರಿಸುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ.

ತಮ್ಮ ಮೇಲಿನ ಸಿಟ್ಟನ್ನು ಕಷ್ಟಪಟ್ಟು ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ಅಕ್ಕನ ತಮ್ಮ

ಮರೆತ ಮಾತು: ನಮ್ಮ ಮಲಗುವ ಕೋಣೆಯ ಛಾವಣಿಯನ್ನು ಮೊನ್ನೆ ನಾನೇ ಗೆಣ್ಣಿನಿಂದ ತಟ್ಟಿ ನೋಡಿದೆ, ಟೊಳ್ಳು ಸದ್ದು ಬರುತ್ತಿದೆ. ದಯವಿಟ್ಟು ತಾವು ತೊಂದರೆ ತೆಗೆದುಕೊಳ್ಳಬೇಡಿ, ಅಕ್ಕನನ್ನು ಕಳಿಸಿದರೆ ಸಾಕು. ಅವಳಿಗೆ ಸಹಾಯಕರು ಬೇಕೆನಿಸಿದರೆ ತಮ್ಮ ಅರ್ಜಿಯನ್ನು ಪರಿಶೀಲಿಸುತ್ತೇವೆ. ಬಕೆಟ್ ಕೊಡುವ ಹುದ್ದೆಯನ್ನು ಮಾತ್ರ ಕೇಳಬೇಡಿ, ಅದು ಭರ್ತಿಯಾಗಿದೆ.